ಕ್ಯಾಮೆರಾ ಒಂದು ಹೇಳಿ ರೇಡಾರ್ ಇನ್ನೊಂದು ಹೇಳಿದರೆ ಕಾರು ಯಾರನ್ನು ನಂಬುತ್ತದೆ?

ಓದುಗರ ಪ್ರಶ್ನೆ: ತಾನೇ ಓಡುವ ಕಾರಿನಲ್ಲಿ ಕ್ಯಾಮೆರಾ, ರೇಡಾರ್, ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಎಲ್ಲವೂ ಇರುತ್ತವಂತೆ. ಎದುರಿಗೆ ಮನುಷ್ಯ ಇದ್ದಾನೆ ಎಂದು ಕ್ಯಾಮೆರಾ ಹೇಳಿ, ಏನೂ ಇಲ್ಲ ಎಂದು ರೇಡಾರ್ ಹೇಳಿದರೆ ಕಾರು ಯಾರ ಮಾತು ಕೇಳುತ್ತದೆ? ಮೂರರಲ್ಲಿ ಎರಡು ಒಪ್ಪಿದರೆ ಸಾಕೇ?

ಈ ಪ್ರಶ್ನೆ ನನಗೆ ಹೊಸದಲ್ಲ. ತರಗತಿಯಲ್ಲಿ, ಪತ್ರಗಳಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಮುಂದೆ ಕೂತಾಗ ಕೂಡ ಕೇಳಿಸಿಕೊಂಡಿದ್ದೇನೆ. ಹೇಳಿದ್ದನ್ನೇ ಹೇಳುವುದು ಬೇಸರ ತರಿಸುತ್ತದೆ, ನಿಜ. ಆದರೆ ಪ್ರಶ್ನೆ ಒಳ್ಳೆಯದು. ಅದರ ಬಾಲಕ್ಕೆ ಅಂಟಿಕೊಂಡಿರುವ 'ಮೂರರಲ್ಲಿ ಎರಡು' ಎಂಬ ಮಾತಿನದೇ ತೊಂದರೆ. ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಚಿಕ್ಕ ಉತ್ತರ ಇಷ್ಟು: ಕಾರು ಯಾರನ್ನೂ ಪೂರ್ತಿ ನಂಬುವುದಿಲ್ಲ, ಯಾರ ಮಾತನ್ನೂ ಪೂರ್ತಿ ತಳ್ಳಿಹಾಕುವುದಿಲ್ಲ. ಪ್ರತಿ ಅಳತೆಯ ಜೊತೆ, ಅದು ಎಷ್ಟು ತಪ್ಪಿರಬಹುದು ಎಂಬ ಇನ್ನೊಂದು ಅಂಕಿಯೂ ಇರುತ್ತದೆ. ತಪ್ಪು ಕಡಿಮೆ ಇದ್ದಷ್ಟೂ ಆ ಅಳತೆಗೆ ತೂಕ ಹೆಚ್ಚು. ತಲೆ ಎಣಿಸುವ ಕೆಲಸ ಅಲ್ಲಿಲ್ಲ.

ಒಂದು ಲೆಕ್ಕ ನೋಡಿ. ಮುಂದೆ ಹೋಗುತ್ತಿರುವ ಬೈಕು 50 ಮೀಟರ್ ದೂರದಲ್ಲಿದೆ ಎಂದು ಕ್ಯಾಮೆರಾ ಅಂದಾಜು ಮಾಡಿತು, 5 ಮೀಟರ್ ಆಚೀಚೆ ಇರಬಹುದು. ರೇಡಾರ್ 46 ಮೀಟರ್ ಅಂದಿತು, ಅದರ ತಪ್ಪು ಅರ್ಧ ಮೀಟರ್. ಎರಡನ್ನೂ ಕೂಡಿಸಿ ಭಾಗಿಸಿದರೆ 48 ಬರುತ್ತದೆ. ಅದು ರೇಡಾರ್ ಒಂದನ್ನೇ ನಂಬಿದ್ದಕ್ಕಿಂತ ಕೆಟ್ಟ ಉತ್ತರ! ಸರಿಯಾದ ತೂಕ, ತಪ್ಪಿನ ವರ್ಗಕ್ಕೆ ವಿಲೋಮವಾಗಿರಬೇಕು, ಅಂದರೆ ತಪ್ಪು ಹತ್ತು ಪಟ್ಟಾದರೆ ತೂಕ ನೂರನೇ ಒಂದು ಪಾಲು. ಹಾಗೆ ಮಾಡಿದರೆ ರೇಡಾರಿಗೆ ನೂರು ಪಾಲು, ಕ್ಯಾಮೆರಾಗೆ ಒಂದು ಪಾಲು, ಉತ್ತರ 46.04 ಮೀಟರ್. ತಪ್ಪು ಅರ್ಧ ಮೀಟರಿಗಿಂತ ಕೂದಲೆಳೆಯಷ್ಟು ಕಡಿಮೆಯೂ ಆಗುತ್ತದೆ. ಈಗ ಅದೇ ಬೈಕು ಯಾವ ಲೇನಿನಲ್ಲಿದೆ ಎಂದು ಕೇಳಿ. ಎಡ-ಬಲ ಹೇಳುವುದರಲ್ಲಿ ರೇಡಾರ್ ಒರಟು, ಕ್ಯಾಮೆರಾ ಚುರುಕು. ಅಲ್ಲಿ ನೂರು ಪಾಲು ಕ್ಯಾಮೆರಾ ಕಡೆಗೆ ಹೋಗಬಹುದು. ಒಂದೇ ಬೈಕು, ಒಂದೇ ಗಳಿಗೆ. ದೂರಕ್ಕೆ ಒಬ್ಬರ ಮಾತು, ಪಕ್ಕಕ್ಕೆ ಇನ್ನೊಬ್ಬರ ಮಾತು. ಇದರಲ್ಲಿ ಬಹುಮತ ಎಲ್ಲಿಂದ ಬಂತು?

ಇನ್ನು 'ರೇಡಾರ್ ಏನೂ ಇಲ್ಲ ಅಂದಿತು' ಎನ್ನುವುದು. ರೇಡಾರ್ ಹಾಗೆ ಹೇಳುವುದಿಲ್ಲ, ಸುಮ್ಮನಿರುತ್ತದೆ ಅಷ್ಟೇ. ಕಾರುಗಳ ರೇಡಾರ್ ಹೆಚ್ಚಾಗಿ 77 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಲಾರಿಯಿಂದ ಜೋರಾಗಿ ಪ್ರತಿಫಲನ ಬರುತ್ತದೆ, ಮನುಷ್ಯನ ಮೈಯಿಂದ ಬರುವುದು ಕ್ಷೀಣ. ಅದೂ ಅಲ್ಲದೆ ಮೇಲ್ಸೇತುವೆ, ಕಬ್ಬಿಣದ ಫಲಕ, ಮ್ಯಾನ್‌ಹೋಲ್ ಮುಚ್ಚಳ ಎಲ್ಲದರಿಂದಲೂ ಪ್ರತಿಫಲನ ಬರುವುದರಿಂದ, ಎಷ್ಟೋ ವ್ಯವಸ್ಥೆಗಳಲ್ಲಿ ನಿಂತಿರುವ ವಸ್ತುಗಳ ರೇಡಾರ್ ಸುಳಿವನ್ನು ತಂತ್ರಾಂಶವೇ ಸೋಸಿ ಎಸೆದುಬಿಡುತ್ತದೆ. ಅಲ್ಲದಿದ್ದರೆ ಪ್ರತಿ ಸೇತುವೆ ಕಂಡಾಗಲೂ ಕಾರು ಬ್ರೇಕ್ ಹಾಕಬೇಕಾಗುತ್ತದೆ. ಹಾಗಾಗಿ ರೇಡಾರಿನ ಮೌನಕ್ಕೂ ತೂಕ ಕಟ್ಟಬೇಕು: 'ಅಲ್ಲಿ ನಿಜವಾಗಿ ಮನುಷ್ಯ ಇದ್ದಿದ್ದರೆ ಈ ರೇಡಾರಿಗೆ ಕಾಣುವ ಸಂಭವ ಎಷ್ಟು?' ಸಂಭವವೇ ಕಡಿಮೆ ಇದ್ದರೆ ಮೌನಕ್ಕೆ ಬೆಲೆಯೂ ಕಡಿಮೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿದ್ದವರು ಒಂದು ಮಾತು ಹೇಳಿಯೇ ಹೇಳುತ್ತಾರೆ: 'ಹಾಗಾದರೆ ಇನ್ನೆರಡು ಸೆನ್ಸರ್ ಹಾಕಿದರಾಯಿತಲ್ಲ ಸಾರ್, ಅಪಘಾತವೇ ಆಗಲ್ಲ.' ಈ ನಂಬಿಕೆಯನ್ನು ಬೇರು ಸಮೇತ ಕೀಳದೆ ನಾನು ಮುಂದೆ ಹೋಗುವುದಿಲ್ಲ.

2018ರ ಮಾರ್ಚ್ 18ರ ರಾತ್ರಿ, ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರ. ಊಬರ್ ಕಂಪನಿ ಪರೀಕ್ಷೆಗೆ ಬಿಟ್ಟಿದ್ದ ಸ್ವಯಂಚಾಲಿತ ವೋಲ್ವೋ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆಯಿತು. ಅವರು ತೀರಿಕೊಂಡರು. ಇಂಥ ಕಾರಿನಿಂದ ಪಾದಚಾರಿ ಸತ್ತ ಮೊದಲ ಪ್ರಕರಣ ಅದು. ಕಾರಿನೊಳಗಿನ ವಿಡಿಯೋ ಹೊರಬಂದಾಗ ಅದು ಕತ್ತಲೆ ಕತ್ತಲೆಯಾಗಿತ್ತು. ನೋಡಿದವರೆಲ್ಲ ತೀರ್ಪು ಕೊಟ್ಟರು: ಕಾರಿಗೆ ಕಾಣಲಿಲ್ಲ.

ಕಂಡಿತ್ತು. ಆ ಕಾರಿನಲ್ಲಿ ಒಂದು ಲೈಡಾರ್, ಎಂಟು ರೇಡಾರ್, ಹತ್ತು ಕ್ಯಾಮೆರಾ ಇದ್ದವು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2019ರಲ್ಲಿ ಕೊಟ್ಟ ವರದಿಯಲ್ಲಿ ಗಳಿಗೆ ಗಳಿಗೆಯ ಲೆಕ್ಕವಿದೆ. ಡಿಕ್ಕಿಗೆ 5.6 ಸೆಕೆಂಡ್ ಮೊದಲು ರೇಡಾರ್ ಆಕೆಯನ್ನು ಹಿಡಿದಿತ್ತು, 5.2 ಸೆಕೆಂಡ್ ಮೊದಲು ಲೈಡಾರ್ ಹಿಡಿದಿತ್ತು. ಕಾರಿನ ವೇಗ ಆಗ ಗಂಟೆಗೆ 70 ಕಿಲೋಮೀಟರ್ ಆಸುಪಾಸು. ಅಂದರೆ ನೂರು ಮೀಟರಿಗೂ ಹೆಚ್ಚು ದೂರದಿಂದಲೇ ಗೊತ್ತಾಗಿತ್ತು. ನಿಲ್ಲಿಸಲು ಬೇಕಾದಷ್ಟು ಜಾಗವಿತ್ತು.

ಕೆಟ್ಟದ್ದು ಕಣ್ಣಲ್ಲ, ನೆನಪು. ತಂತ್ರಾಂಶ ಆಕೆಯನ್ನು ಮೊದಲು ವಾಹನ ಅಂದಿತು, ಆಮೇಲೆ 'ಬೇರೆ ಏನೋ' ಅಂದಿತು, ಮತ್ತೆ ವಾಹನ, ಮತ್ತೆ ಬೇರೆ ಏನೋ, ಕೊನೆಗೆ ಸೈಕಲ್. ಪಾದಚಾರಿ ಎಂದು ಒಮ್ಮೆಯೂ ಅನ್ನಲಿಲ್ಲ. ದಾಟುವ ಪಟ್ಟೆ ಇಲ್ಲದ ಕಡೆ ಜನ ರಸ್ತೆ ದಾಟಬಹುದು ಎಂಬ ಲೆಕ್ಕವೇ ಅದರ ವಿನ್ಯಾಸದಲ್ಲಿರಲಿಲ್ಲ. ಇಲ್ಲಿ ಗಮನವಿಟ್ಟು ಓದಿ: ಗುರುತು ಬದಲಾದಾಗಲೆಲ್ಲ, ಆ ವಸ್ತು ಅದುವರೆಗೆ ಎಲ್ಲಿಂದ ಎಲ್ಲಿಗೆ ಬಂತು ಎಂಬ ಜಾಡನ್ನು ಮುಂದಿನ ಊಹೆಗೆ ಬಳಸುತ್ತಿರಲಿಲ್ಲ. ಜಾಡಿಲ್ಲದ 'ಬೇರೆ ಏನೋ' ಎಂದರೆ ನಿಂತಿರುವ ವಸ್ತು ಎಂದೇ ಅದರ ಲೆಕ್ಕ. ಒಂದೇ ದಿಕ್ಕಿನಲ್ಲಿ ಸಮನಾಗಿ ನಡೆದು ಬರುತ್ತಿದ್ದ ಒಬ್ಬ ವ್ಯಕ್ತಿ, ಆ ತಂತ್ರಾಂಶದ ಪಾಲಿಗೆ ಪದೇ ಪದೇ ಹೊಸದಾಗಿ ಹುಟ್ಟುತ್ತಿದ್ದರು. ಹೆಸರು ಯಾವುದಾದರೂ ಇರಲಿ, ಏನೋ ಒಂದು ಎಡದಿಂದ ಬಲಕ್ಕೆ ಬರುತ್ತಿದೆ ಎಂಬಷ್ಟು ನೆನಪಿಟ್ಟುಕೊಂಡಿದ್ದರೂ ಕಾರು ನಿಧಾನಿಸಬಹುದಿತ್ತು.

ಇನ್ನೂ ಇದೆ. ಡಿಕ್ಕಿಗೆ 1.2 ಸೆಕೆಂಡ್ ಇರುವಾಗ ಅಪಾಯ ಖಚಿತವಾಯಿತು. ಆದರೆ ಸುಳ್ಳು ಎಚ್ಚರಿಕೆಗಳಿಗೆ ಹೆದರಿ, ಇಂಥ ಹೊತ್ತಿನಲ್ಲಿ ಒಂದು ಸೆಕೆಂಡ್ ಏನೂ ಮಾಡದೆ ಕಾಯಬೇಕು ಎಂದು ಅದರಲ್ಲಿ ಬರೆದಿಟ್ಟಿದ್ದರು. ಉಳಿದದ್ದು 0.2 ಸೆಕೆಂಡ್. ವೋಲ್ವೋ ಕಂಪನಿಯೇ ಕೊಟ್ಟಿದ್ದ ತುರ್ತು ಬ್ರೇಕ್ ವ್ಯವಸ್ಥೆಯೂ ಆಗ ಕೆಲಸ ಮಾಡುತ್ತಿರಲಿಲ್ಲ. ಯಾಕೆ ಆರಿಸಿಟ್ಟಿದ್ದರು ಗೊತ್ತೇ? ಒಂದು ಕಾರಣ, ಕಾರಿನ ಮೂಲ ರೇಡಾರ್ ಮತ್ತು ಊಬರ್ ಹಾಕಿದ ರೇಡಾರ್ ಎರಡೂ ಒಂದೇ ತರಂಗಾಂತರದಲ್ಲಿದ್ದು ಒಂದರ ಸಂಕೇತವನ್ನು ಇನ್ನೊಂದು ತಪ್ಪು ತಿಳಿಯುವ ಸಾಧ್ಯತೆ ಇತ್ತು. ಇನ್ನೆರಡು ಸೆನ್ಸರ್ ಹಾಕಿದರಾಯಿತು ಎನ್ನುವವರು ಈ ವಾಕ್ಯವನ್ನು ಎರಡು ಸಲ ಓದಬೇಕು ಎಂದು ಕೇಳಿಕೊಳ್ಳುತ್ತೇನೆ. ಹೆಚ್ಚಿಗೆ ಹಾಕಿದ ಸೆನ್ಸರೇ, ಇದ್ದ ರಕ್ಷಣೆಯನ್ನು ಆರಿಸಲು ಕಾರಣವಾಯಿತು. ರಸ್ತೆ ನೋಡಬೇಕಾಗಿದ್ದ ಚಾಲಕಿಯ ಗಮನ ಫೋನಿನ ಕಡೆಗಿದ್ದದ್ದನ್ನು ಮಂಡಳಿ ಮುಖ್ಯ ಕಾರಣವೆಂದೇ ಬರೆದಿದೆ, ಕಂಪನಿಯ ಸುರಕ್ಷತಾ ಪದ್ಧತಿಯ ಕೊರತೆಯನ್ನೂ ಹೇಳಿದೆ. ಅದನ್ನು ಬಿಟ್ಟು ಹೇಳಿದರೆ ನ್ಯಾಯವಾಗುವುದಿಲ್ಲ.

ಸೆನ್ಸರ್ ಹೆಚ್ಚಾದಷ್ಟೂ ಸುಳ್ಳು ಎಚ್ಚರಿಕೆ ಯಾಕೆ ಹೆಚ್ಚುತ್ತದೆ ಎಂಬುದಕ್ಕೆ ದೊಡ್ಡ ಗಣಿತ ಬೇಡ. ಯಾವುದಾದರೂ ಒಂದು ಸೆನ್ಸರ್ ಕೂಗಿದರೂ ಬ್ರೇಕ್ ಹಾಕು ಎಂದರೆ, ಎಲ್ಲರ ಸುಳ್ಳುಗಳೂ ಸೇರುತ್ತವೆ. ಎಲ್ಲವೂ ಒಪ್ಪಿದರೆ ಮಾತ್ರ ಹಾಕು ಎಂದರೆ, ಎಲ್ಲರ ಕುರುಡುತನವೂ ಸೇರುತ್ತದೆ. ಮೂರರಲ್ಲಿ ಎರಡು ಎನ್ನುವುದು ಇವೆರಡರ ನಡುವಿನ ರಾಜಿ, ಅಷ್ಟೇ. ಆ ಎರಡು ಒಂದೇ ಕಾರಣಕ್ಕೆ ಕುರುಡಾದರೆ ರಾಜಿಯೂ ಮುರಿಯಿತು. ದಟ್ಟ ಮಂಜಿನಲ್ಲಿ ಕ್ಯಾಮೆರಾ ಮತ್ತು ಲೈಡಾರ್ ಎರಡೂ ಮಂಕಾಗುತ್ತವೆ, ಯಾಕೆಂದರೆ ಎರಡೂ ಬೆಳಕನ್ನೇ ನಂಬಿದವು. ರೇಡಾರಿಗೆ ಮಂಜು ಅಷ್ಟಾಗಿ ಬಾಧಿಸದು. ಬೆಳಿಗ್ಗೆ ಮಡಿಕೇರಿ ಘಾಟಿಯಲ್ಲಿ ಬಹುಮತ ಕೇಳಿದರೆ ತಪ್ಪುವವರದ್ದೇ ಗೆಲುವು.

ಸಮಯ ಮತ್ತು ಕೋನದ ಬಗ್ಗೆ ಒಂದೆರಡೇ ಮಾತು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ 1.67 ಮೀಟರ್ ಹೋಗಿರುತ್ತದೆ. ಎರಡು ಸೆನ್ಸರುಗಳ ಗಡಿಯಾರ ಅಷ್ಟು ಹಿಂದುಮುಂದಾದರೆ ಒಂದೇ ಬೈಕು ಎರಡಾಗಿ ಕಾಣುತ್ತದೆ. ಕ್ಯಾಮೆರಾವನ್ನು ಕೂರಿಸುವಾಗ ಒಂದು ಡಿಗ್ರಿ ಓರೆಯಾದರೆ 50 ಮೀಟರ್ ದೂರದಲ್ಲಿ ಸುಮಾರು 87 ಸೆಂಟಿಮೀಟರ್ ತಪ್ಪು. ಹೊಸ ಸೆನ್ಸರ್ ಕೊಳ್ಳುವ ಮೊದಲು ಇರುವುದನ್ನು ಸರಿಯಾಗಿ ಕೂರಿಸಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇರುತ್ತೇನೆ.

ಹಾಗಾದರೆ ಆ ನೆನಪು ಎನ್ನುವುದು ಹೇಗೆ ಕೆಲಸ ಮಾಡುತ್ತದೆ? ಹಂಗೇರಿ ಮೂಲದ ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ವಿಧಾನವೇ ಇವತ್ತಿಗೂ ಇದರ ಬೆನ್ನೆಲುಬು. ಚಂದ್ರನತ್ತ ಹೋದ ಅಪೊಲೊ ನೌಕೆಗಳು ತಮ್ಮ ದಾರಿ ಲೆಕ್ಕ ಹಾಕಿದ್ದೂ ಇದರಿಂದಲೇ. ಹಿಂದಿನ ಸ್ಥಾನ ಮತ್ತು ವೇಗದಿಂದ ಮುಂದೆ ಎಲ್ಲಿರಬೇಕು ಎಂದು ಊಹಿಸುವುದು, ಊಹೆಯ ತಪ್ಪನ್ನೂ ಅಂದಾಜಿಸುವುದು, ಹೊಸ ಅಳತೆ ಬಂದ ಕೂಡಲೇ ಎರಡನ್ನೂ ತೂಕ ಹಾಕಿ ಬೆರೆಸುವುದು. ಇರುವುದು ಒಂದೇ ಸೆನ್ಸರ್ ಆದರೂ ಊಹೆಯು ಎರಡನೆಯದಾಗಿ ನಿಲ್ಲುತ್ತದೆ.

ಆದರೆ ಯಾವ ಅಳತೆ ಯಾರದ್ದು? ಪರದೆಯ ಮೇಲೆ ಇಪ್ಪತ್ತು ಬೈಕುಗಳಿವೆ, ಮುಂದಿನ ಫ್ರೇಮಿನಲ್ಲಿ, ಅಂದರೆ ವಿಡಿಯೋದ ಮುಂದಿನ ಚಿತ್ರದಲ್ಲಿ, ಇಪ್ಪತ್ತು ಚುಕ್ಕೆಗಳಿವೆ. ಯಾವುದನ್ನು ಯಾವುದಕ್ಕೆ ಸೇರಿಸಬೇಕು? ಇಲ್ಲಿ ನಮ್ಮ ಪ್ರಶಾಂತ ಚಂದ್ರ ಮಹಲನೋಬಿಸ್ ಅವರ ಹೆಸರು ಹೇಳದೆ ಮುಂದೆ ಹೋಗಲಾರೆ. ಕೋಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಅವರು, ಜನಸಮುದಾಯಗಳ ದೇಹದ ಅಳತೆಗಳನ್ನು ಹೋಲಿಸುತ್ತಾ ರೂಪಿಸಿದ ದೂರದ ಲೆಕ್ಕವನ್ನು 1936ರಲ್ಲಿ ಪ್ರಕಟಿಸಿದರು. ಇವತ್ತು ಜಗತ್ತಿನ ಎಷ್ಟೋ ಟ್ರ್ಯಾಕಿಂಗ್ (ಜಾಡು ಹಿಡಿಯುವ) ತಂತ್ರಾಂಶಗಳ ಒಳಗೆ ಆ ದೂರವೇ ಕೂತಿದೆ. ಊಹೆಯ ತಪ್ಪು ರಸ್ತೆಯುದ್ದಕ್ಕೆ 3 ಮೀಟರ್, ಅಡ್ಡಕ್ಕೆ 30 ಸೆಂಟಿಮೀಟರ್ ಇದೆ ಎನ್ನಿ. ಸರಿದ ದೂರವನ್ನು ಆ ದಿಕ್ಕಿನ ತಪ್ಪಿನಿಂದ ಭಾಗಿಸಿ: ಮುಂದಕ್ಕೆ 3 ಮೀಟರ್ ಸರಿದ ಚುಕ್ಕೆಯ ಮಹಲನೋಬಿಸ್ ದೂರ 1. ಪಕ್ಕಕ್ಕೆ ಒಂದೂವರೆ ಮೀಟರ್ ಸರಿದ ಚುಕ್ಕೆಯದು 5. ಮೀಟರಿನಲ್ಲಿ ಹತ್ತಿರ ಇರುವುದೇ ಇಲ್ಲಿ ದೂರದ್ದು. ಅದು ಬಹುಶಃ ಪಕ್ಕದ ಲೇನಿನ ಬೇರೆ ಬೈಕು. ಈ ದೂರಗಳ ಕೋಷ್ಟಕ ಮಾಡಿಕೊಂಡು, ಒಟ್ಟು ಮೊತ್ತ ಅತಿ ಕಡಿಮೆಯಾಗುವಂತೆ ಜೋಡಿ ಮಾಡುವುದಕ್ಕೆ ಹೆರಾಲ್ಡ್ ಕೂನ್ 1955ರಲ್ಲಿ ಕೊಟ್ಟ ಹಂಗೇರಿಯನ್ ವಿಧಾನವಿದೆ.

ಇಲ್ಲಿಗೆ ಉತ್ತರ ಮುಗಿಯಿತು. ಆದರೆ ಯಾರೂ ಕೇಳದ, ಕೇಳಬೇಕಾಗಿದ್ದ ಪ್ರಶ್ನೆ ಒಂದಿದೆ: ಕಾಣದೇ ಹೋದದ್ದನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು?

ಬಿಎಂಟಿಸಿ ಬಸ್ಸಿನ ಹಿಂದೆ ಸ್ಕೂಟರ್ ಮರೆಯಾಯಿತು. ನೀವು ರಸ್ತೆ ದಾಟುವವರಾದರೆ ಕಾಲು ಮುಂದಿಡುವುದಿಲ್ಲ. ಅದು ಬಸ್ಸಿನ ಮುಂದಿನಿಂದ ಬರುತ್ತದೆ ಎಂದು ಗೊತ್ತು. ಆದರೆ 2016ರಲ್ಲಿ ಬಂದ ಸಾರ್ಟ್ ಎಂಬ ಜನಪ್ರಿಯ ಟ್ರ್ಯಾಕಿಂಗ್ ವಿಧಾನ ಒಂದೇ ಫ್ರೇಮ್ ಕಾದು ಜಾಡನ್ನು ಅಳಿಸುತ್ತಿತ್ತು. ಮರುವರ್ಷ ಬಂದ ಡೀಪ್‌ಸಾರ್ಟ್ 30 ಫ್ರೇಮ್ ಕಾಯುತ್ತದೆ, ರೂಪದ ಹೋಲಿಕೆಯನ್ನೂ ನೋಡುತ್ತದೆ. ಆಮೇಲೆ ಬಂದ ಬೈಟ್‌ಟ್ರ್ಯಾಕ್ ಇನ್ನೊಂದು ಜಾಣತನ ಮಾಡಿತು: ಅರ್ಧ ಮರೆಯಾಗಿ ಮಸುಕಾಗಿ ಕಂಡದ್ದನ್ನು ಎಸೆಯದೆ, ಹಳೆಯ ಜಾಡಿಗೆ ಹೊಂದುತ್ತದೆಯೇ ಎಂದು ಎರಡನೇ ಸುತ್ತಿನಲ್ಲಿ ನೋಡುವುದು. ನನಗೆ ಬಹಳ ಹಿಡಿಸಿದ ವಿಚಾರ ಅದು. ಆದರೆ 30 ಫ್ರೇಮ್ ಎಂದರೆ ಸಾಮಾನ್ಯ ಕ್ಯಾಮೆರಾದಲ್ಲಿ ಒಂದೇ ಸೆಕೆಂಡ್. ಸಿಲ್ಕ್ ಬೋರ್ಡಿನಲ್ಲಿ ಬಸ್ಸಿನ ಹಿಂದೆ ಸಿಕ್ಕಿಕೊಂಡ ಸ್ಕೂಟರ್ ಒಂದು ಸೆಕೆಂಡಿನಲ್ಲಿ ಹೊರಗೆ ಬರುತ್ತದೆಯೇ? ಹಾಗೆಂದು ಬಹಳ ಹೊತ್ತು ಕಾದರೂ ಕಷ್ಟ. ಕಾದಷ್ಟೂ ಊಹೆಯ ತಪ್ಪು ಹಿಗ್ಗುತ್ತದೆ, ಹಿಗ್ಗಿದಷ್ಟೂ ಪಕ್ಕದ ಯಾವುದೋ ಬೈಕು ಈ ಜಾಡಿಗೆ ಸೇರಿಬಿಡುತ್ತದೆ.

ಹೈದರಾಬಾದಿನ ಐಐಐಟಿಯವರು ಹೈದರಾಬಾದ್ ಮತ್ತು ಬೆಂಗಳೂರಿನ ರಸ್ತೆಗಳ ಸುಮಾರು 10,000 ಚಿತ್ರಗಳಿಗೆ ಗುರುತು ಹಾಕಿ, ಆಟೋರಿಕ್ಷಾಕ್ಕೂ ಪ್ರತ್ಯೇಕ ವರ್ಗ ಕೊಟ್ಟು ಇಂಡಿಯಾ ಡ್ರೈವಿಂಗ್ ಡೇಟಾಸೆಟ್ ಮಾಡಿದ್ದಾರೆ. ತುಂಬ ಬೇಕಾಗಿದ್ದ ಕೆಲಸ. ಆದರೆ ಅದು ಏನು ಕಾಣುತ್ತಿದೆ ಎಂದು ಕಲಿಸುತ್ತದೆ. ಕಾಣದ್ದು ಎಲ್ಲಿ ಹೋಯಿತು ಎಂಬ ಲೆಕ್ಕ ಟ್ರ್ಯಾಕಿಂಗಿನದು.

ಸಿಗ್ನಲ್ ಸಮಯ ನಿರ್ಧರಿಸಲು ಕ್ಯಾಮೆರಾದಿಂದ ವಾಹನ ಎಣಿಸುವವರಿಗೂ ಇದೇ ಕಷ್ಟ. ಬಸ್ಸಿನ ಹಿಂದೆ ಹೋದ ಸ್ಕೂಟರಿಗೆ ಹೊರಬರುವಾಗ ತಂತ್ರಾಂಶ ಹೊಸ ಗುರುತಿನ ಅಂಕಿ ಕೊಟ್ಟರೆ ಎಣಿಕೆ ಎರಡಾಗುತ್ತದೆ. ಇದಕ್ಕೆ ಹೊಸ ಮಾಡೆಲ್ ಹುಡುಕುತ್ತಾ ಪತ್ರ ಬರೆಯುವವರಿಗೆಲ್ಲ ನಾನು ಮೊದಲು ಕೇಳುವುದು, ಎಣಿಕೆಯ ಗೆರೆಯನ್ನು ಪರದೆಯ ಮೇಲೆ ಎಲ್ಲಿ ಎಳೆದಿದ್ದೀರಿ ಎಂದು. ಎಷ್ಟೋ ಕಡೆ ಅದು ಬಸ್ ನಿಲ್ದಾಣದ ನೇರಕ್ಕೇ ಇರುತ್ತದೆ. ನಿಲ್ದಾಣ ದಾಟಿ, ವಾಹನಗಳು ಚದುರಿ ಓಡುವ ಜಾಗಕ್ಕೆ ಗೆರೆಯನ್ನು ಸರಿಸಿ, ಪ್ರತಿ ಜಾಡು ಆ ಗೆರೆ ದಾಟಿದಾಗ ಮಾತ್ರ ಎಣಿಸಿ, ಒಂದು ವಾರ ಕೈಯಲ್ಲಿ ಎಣಿಸಿದ್ದರ ಜೊತೆ ತಾಳೆ ನೋಡಿ. ಆಮೇಲೂ ತಪ್ಪಿದರೆ ಬರೆಯಿರಿ.