ಲಿನಕ್ಸ್ ಕರ್ನಲ್‌ನ ಹೆಡರ್ ಗೋಜಲು: ಬಿಡಿಸೋಕೆ ಇಷ್ಟು ವರ್ಷ ಯಾಕೆ?

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬಿಲ್ಡ್ ಮಾಡಿ, ಅಂದರೆ ಅದರ ಕೋಡನ್ನು ಕಂಪೈಲ್ ಮಾಡಿ ಓಡುವ ರೂಪಕ್ಕೆ ತಂದು ನೋಡಿದ ಹುಡುಗರಿಗೆ ಒಂದು ಅನುಮಾನ ಬಂದೇ ಬರುತ್ತದೆ. ಬದಲಾಯಿಸಿದ್ದು ಒಂದು ಹೆಡರ್ ಫೈಲಿನ (ಹಲವು ಫೈಲುಗಳು ಹಂಚಿಕೊಳ್ಳುವ ಘೋಷಣೆಗಳಿರುವ ಫೈಲು) ಒಂದೇ ಸಾಲು. ಸಾವಿರಾರು ಫೈಲುಗಳು ಮತ್ತೆ ಯಾಕೆ ಕಂಪೈಲ್ ಆಗಬೇಕು? ಇದನ್ನು ಸರಿ ಮಾಡೋಕೆ ಯಾರೂ ಕೈ ಹಾಕಿಲ್ವಾ? ಹಾಕಿದ್ದಾರೆ, ಹಲವು ಸಲ.

ಸಿ ಭಾಷೆಯಲ್ಲಿ ಒಂದು ಹೆಡರ್ ಇನ್‌ಕ್ಲೂಡ್ ಮಾಡಿದರೆ ಅದರೊಳಗಿನದೆಲ್ಲ ನಮ್ಮ ಫೈಲಿಗೆ ಬಂದು ಕೂರುತ್ತದೆ. ಅದು ಇನ್‌ಕ್ಲೂಡ್ ಮಾಡಿಕೊಂಡಿರುವ ಹೆಡರ್‌ಗಳೂ ಹಿಂದೆಯೇ ಬರುತ್ತವೆ. ಬೀಗರೂಟಕ್ಕೆ ಒಬ್ಬರನ್ನು ಕರೆದರೆ ಊರೇ ಬಂದ ಹಾಗೆ.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಮೊದಲ ಕೋಡ್ ಹೊರಬಿಟ್ಟಾಗ ಹೆಡರ್‌ಗಳು ಕೆಲವೇ ಇದ್ದವು. 2008ರ ಹೊತ್ತಿಗೆ ತುಂಬ ಬೆಳೆದಿದ್ದವು. ಆಯಾ ಪ್ರೊಸೆಸರ್‌ನ ಹೆಡರ್‌ಗಳನ್ನು ಅದರದೇ ಡೈರೆಕ್ಟರಿಗೆ ಸಾಗಿಸುವ ಕೆಲಸ ಆ ವರ್ಷ ನಡೆಯಿತು. 2012ರ ಕೊನೆಗೆ ಬಂದ ಕರ್ನಲ್‌ನ 3.7 ಆವೃತ್ತಿಯಲ್ಲಿ ಡೆವಲಪರ್ ಡೇವಿಡ್ ಹೋವೆಲ್ಸ್ ಅವರ ಕೆಲಸ ಸೇರಿತು. ಹೊರಗಿನ ಪ್ರೋಗ್ರಾಂಗಳಿಗೆ ಕಾಣಬೇಕಾದದ್ದು ಒಂದು ಕಡೆ, ಕರ್ನಲ್‌ನ ಒಳಗಿನದು ಇನ್ನೊಂದು ಕಡೆ ಆಯಿತು. ಇವೆರಡೂ ಮುಖ್ಯವಾಗಿ ಜಾಗದ ಬದಲಾವಣೆ. ಒಳಗಿನ ಹೆಡರ್‌ಗಳು ಒಂದನ್ನೊಂದು ಎಳೆದು ತರುವುದು ನಿಲ್ಲಲಿಲ್ಲ.

ಅದಕ್ಕೆ ನೇರವಾಗಿ ಕೈ ಹಾಕಿದವರಲ್ಲಿ ಕರ್ನಲ್ ಡೆವಲಪರ್ ಇಂಗೊ ಮೊಲ್ನಾರ್ ಒಬ್ಬರು. 2017ರಲ್ಲಿ, 4.11ರ ಹೊತ್ತಿಗೆ, ಶೆಡ್ಯೂಲರ್‌ನ (ಯಾವ ಪ್ರೋಗ್ರಾಂ ಯಾವಾಗ ಓಡಬೇಕೆಂದು ತೀರ್ಮಾನಿಸುವ ಭಾಗ) ದೈತ್ಯ ಹೆಡರ್ 'ಸ್ಕೆಡ್ ಡಾಟ್ ಎಚ್' ಅನ್ನು ಸಣ್ಣ ಸಣ್ಣ ಹೆಡರ್‌ಗಳಾಗಿ ಒಡೆದರು. 2022ರ ಜನವರಿಯಲ್ಲಿ ಅವರು ಮುಂದಿಟ್ಟದ್ದು 2,297 ಪ್ಯಾಚ್‌ಗಳ (ಕೋಡ್ ಬದಲಾವಣೆಗಳ) ಕಂತೆ. ಅದು 25 ಸಾವಿರಕ್ಕೂ ಹೆಚ್ಚು ಫೈಲುಗಳನ್ನು ಮುಟ್ಟುತ್ತಿತ್ತು. ಅವರ ಲೆಕ್ಕದಲ್ಲಿ 231 ಸೆಕೆಂಡಿನ ಬಿಲ್ಡ್ 130ಕ್ಕೆ ಇಳಿದಿತ್ತು. ಕಡಿಮೆ ಲಾಭವೇನಲ್ಲ, ಅಲ್ವಾ?

ಇದರಲ್ಲಿ ಬೇಡದ ಸಾಲು ಅಳಿಸುವುದು ಸುಲಭದ ಭಾಗ. ಹೆಡರ್ ಒಳಗೇ ಬರೆದ ಇನ್‌ಲೈನ್ ಫಂಕ್ಷನ್‌ಗಳದ್ದು ಬೇರೆಯೇ ಕಥೆ. ಸ್ಟ್ರಕ್ಚರ್ (ಹಲವು ಡೇಟಾ ತುಣುಕುಗಳ ಒಂದು ಗುಂಪು) ಒಳಗಿನ ಸದಸ್ಯರನ್ನು ಅವು ಮುಟ್ಟುವುದರಿಂದ ಬರೀ ಹೆಸರು ಸಾಲದು, ಪೂರ್ತಿ ವಿವರ ಬೇಕು. ಆ ವಿವರಕ್ಕೆ ಮತ್ತೆ ನಾಲ್ಕು ಹೆಡರ್. ಅದಕ್ಕೇ ಮೊಲ್ನಾರ್ ಟೈಪ್‌ಗಳನ್ನು ಒಂದು ಹೆಡರ್‌ಗೆ, ಫಂಕ್ಷನ್‌ಗಳನ್ನು ಇನ್ನೊಂದಕ್ಕೆ ಬೇರ್ಪಡಿಸುತ್ತ ಹೋದರು. ಇನ್ನೂ ಒಂದು ತೊಡಕಿದೆ. ಎಷ್ಟೋ ಫೈಲುಗಳು ಬೇರೆ ಯಾರೋ ಎಳೆದು ತಂದ ಹೆಡರ್ ನಂಬಿಕೊಂಡು ನಡೆಯುತ್ತಿರುತ್ತವೆ. ಅದನ್ನು ತೆಗೆದರೆ ಎಕ್ಸ್86 ಪ್ರೊಸೆಸರ್‌ನಲ್ಲಿ ಬಿಲ್ಡ್ ಸಲೀಸಾಗಿ ಮುಗಿದು, ಆರ್ಮ್‌ನಲ್ಲೋ ಅಪರೂಪದ ಯಾವುದೋ ಕಾನ್ಫಿಗರೇಶನ್‌ನಲ್ಲೋ ಮುರಿಯುತ್ತದೆ. ಅಷ್ಟೂ ಕಡೆ ಬಿಲ್ಡ್ ಮಾಡದೆ ಗೊತ್ತಾಗುವುದಿಲ್ಲ.

ಕೋಡ್ ನೋಡಿ ಒಪ್ಪಬೇಕಾದ ಮೇಂಟೇನರ್‌ಗಳ ಪಾಡೂ ಸುಲಭದ್ದಲ್ಲ. ಬಿಲ್ಡ್ ವೇಗದ ಲಾಭ ಎಲ್ಲರಿಗೂ. ಓದುವ ಹೊರೆ ಮಾತ್ರ ಆಯಾ ವಿಭಾಗದ ಕೆಲವರಿಗೆ. ಹೆಡರ್ ಜಾಗ ಬದಲಾದರೆ ಹಳೆಯ ಸ್ಟೇಬಲ್ ಆವೃತ್ತಿಗಳಿಗೆ ಕೊಡುವ ತಿದ್ದುಪಡಿಗಳೂ ನೇರವಾಗಿ ಕೂರುವುದಿಲ್ಲ. ಸೋಮಾರಿತನ ಅಂತ ಸುಮ್ನೆ ಬೈಯುವವರು ಇದನ್ನೂ ನೋಡಬೇಕು.

ಮೊಲ್ನಾರ್ ಅವರ ಆ ಕಂತೆ ಇಡಿಯಾಗಿ ಸೇರಲಿಲ್ಲ. ಶೆಡ್ಯೂಲರ್‌ಗೆ ಸೇರಿದ ಭಾಗ 5.18ರಲ್ಲಿ ಒಳಗೆ ಬಂತು. ಜಾಸ್ತಿ ಸದ್ದಿಲ್ಲದೆ ನಡೆದದ್ದು ಹಲವು ಕಡೆ ಬಳಸುವ ಹೆಡರ್ 'ಕರ್ನಲ್ ಡಾಟ್ ಎಚ್' ಒಡೆಯುವ ಕೆಲಸ. ಡೆವಲಪರ್ ಆಂಡಿ ಶೆವ್ಚೆಂಕೊ ಅದರೊಳಗಿನ ಒಂದೊಂದೇ ತುಂಡನ್ನು ಹೊರಗೆ ತಂದರು. 2020ರಲ್ಲಿ ಮಿನ್, ಮ್ಯಾಕ್ಸ್ ಮ್ಯಾಕ್ರೋಗಳಿಗೆ, 2021ರಲ್ಲಿ 'ಕಂಟೈನರ್ ಆಫ್'ಗೆ (ಸದಸ್ಯನಿಂದ ಅದಿರುವ ಸ್ಟ್ರಕ್ಚರ್ ಹುಡುಕುವ ಮ್ಯಾಕ್ರೋ) ಪ್ರತ್ಯೇಕ ಹೆಡರ್ ಆಯಿತು. ನನಗೆ ಈ ದಾರಿಯೇ ಹಿಡಿಸುತ್ತದೆ. ನಿಧಾನ ನಿಜ, ಆದರೆ ಪ್ಯಾಚ್ ಚಿಕ್ಕದಿದ್ದರೆ ಯಾರಾದರೂ ಕೂತು ಓದುತ್ತಾರೆ. ಈಗ ಡ್ರೈವರ್ ಬರೆದು ಕಳಿಸುವ ಹೊಸಬರಿಗೂ ರಿವ್ಯೂನಲ್ಲಿ ಈ ಮಾತು ಬರುವುದುಂಟು: 'ಕರ್ನಲ್ ಡಾಟ್ ಎಚ್' ತೆಗೆಯಿರಿ, ನಿಮಗೆ ಬೇಕಾದ ಹೆಡರ್‌ಗಳನ್ನಷ್ಟೇ ಹಾಕಿ.