ಟ್ಯೂನರ್ ಕೆಟ್ಟಿಲ್ಲ, ಕೇಬಲ್‌ಗೆ ಬೀಗ ಬಿದ್ದಿದೆ

ಅಮೆರಿಕದಲ್ಲಿ ಟಿವಿ ಟ್ಯೂನರ್ (ಸಿಗ್ನಲ್ಲಿನಿಂದ ಚಾನೆಲ್ ಹಿಡಿಯೋ ಪೆಟ್ಟಿಗೆ) ಕೊಂಡವರಲ್ಲಿ ಹಲವರು ಗೋಡೆಯ ಕೇಬಲ್ ತಂದು ಸಿಕ್ಕಿಸುತ್ತಾರೆ, ಮೆನುವಿನಲ್ಲಿ ‘ಆಂಟೆನಾ’ ಅಂತ ಇದ್ದದ್ದನ್ನು ಹಾಗೇ ಬಿಟ್ಟು ಸ್ಕ್ಯಾನ್ ಒತ್ತುತ್ತಾರೆ. ಒಂದೂ ಚಾನೆಲ್ ಬರುವುದಿಲ್ಲ. ಪೆಟ್ಟಿಗೆ ಕೆಟ್ಟಿದೆ ಅಂತ ವಾಪಸ್ ಕಳಿಸುತ್ತಾರೆ. ಪಾಪ, ಅದರ ತಪ್ಪೇನೂ ಇಲ್ಲ. ಗಾಳಿಯಲ್ಲಿ ಬರುವ ಸಿಗ್ನಲ್ಲಿನ ಕಟ್ಟಣೆಯೇ (ಅಲೆಯ ಮೇಲೆ ಚಿತ್ರ, ಸದ್ದು ಹೇರುವ ರೀತಿ) ಬೇರೆ, ಕೇಬಲ್ಲಿನದೇ ಬೇರೆ. ಮೊದಲು ‘ಕೇಬಲ್’ ಅಂತ ಬದಲಿಸಿ ಮತ್ತೆ ಸ್ಕ್ಯಾನ್ ಮಾಡಬೇಕು.

ಕೇಬಲ್ಲಿನ ಕಟ್ಟಣೆಗೆ ಕ್ವಾಮ್ ಅಂತಾರೆ. ನನಗೆ ಬಲು ಇಷ್ಟದ ಸಂಗತಿ ಇದು. ಒಂದು ಅಲೆಯಲ್ಲಿ ಎರಡನ್ನು ಬದಲಿಸಬಹುದು: ಅದರ ಎತ್ತರ, ಮತ್ತು ಅದು ಎಷ್ಟು ಹಿಂದೆ ಮುಂದೆ ಸರಿದಿದೆ ಅನ್ನೋದು. ಎರಡನ್ನೂ ಸೇರಿಸಿ ಕಾಗದದ ಮೇಲೆ ಗುರುತು ಹಾಕಿದರೆ 16 ಸಾಲು, ಸಾಲಿಗೆ 16 ಚುಕ್ಕಿಯ ರಂಗೋಲಿ ಸಿಗುತ್ತೆ. ಒಟ್ಟು 256 ಚುಕ್ಕಿ. ಅಲೆ ಪ್ರತಿ ಸಲ ಒಂದು ಚುಕ್ಕಿಯನ್ನು ತೋರಿಸುತ್ತೆ. ಒಂದು ಚುಕ್ಕಿ ಅಂದ್ರೆ 8 ಬಿಟ್, ಅಂದ್ರೆ ಎಂಟು ಸೊನ್ನೆ-ಒಂದುಗಳು. ಸೆಕೆಂಡಿಗೆ ಸುಮಾರು 53.6 ಲಕ್ಷ ಚುಕ್ಕಿ! ತಪ್ಪು ತಿದ್ದಲು ಬೇಕಾದ ಬಿಟ್‌ಗಳನ್ನು ಕಳೆದರೂ 6 ಮೆಗಾಹರ್ಟ್ಸ್ ಜಾಗದಲ್ಲಿ ಸೆಕೆಂಡಿಗೆ 38.8 ಮೆಗಾಬಿಟ್ ಹೋಗುತ್ತೆ. ಅಷ್ಟೇ ಜಾಗದಲ್ಲಿ ಆಂಟೆನಾದವರಿಗೆ ಸಿಗೋದು 19.39, ಸುಮಾರು ಅರ್ಧ.

ಆದರೆ ಚುಕ್ಕಿ ಒತ್ತೊತ್ತಾಗಿದ್ದರೆ ಒಂದನ್ನು ಇನ್ನೊಂದು ಅಂತ ತಪ್ಪು ಓದೋದೂ ಸುಲಭ. ಆಂಟೆನಾ ಸಿಗ್ನಲ್ ಅದರ ಜೊತೆ ಬೆರೆತ ವಿದ್ಯುತ್ ಗದ್ದಲಕ್ಕಿಂತ ಸುಮಾರು 30 ಪಟ್ಟು ಜೋರಾಗಿದ್ದರೆ ಸಾಕು. ಕೇಬಲ್ಲಿಗೆ ಸುಮಾರು 1000 ಪಟ್ಟು ಬೇಕು. ಹಾಗಾಗಿ ತಿರುಪು ಕನೆಕ್ಟರ್ ಅರ್ಧ ಸುತ್ತು ಸಡಿಲವಾದರೂ ಚಿತ್ರ ಚೌಕ ಚೌಕವಾಗಿ ಒಡೆಯಬಹುದು. ಟಿವಿಗೊಂದು, ಮೋಡೆಮ್‌ಗೊಂದು ಅಂತ ಸ್ಪ್ಲಿಟರ್ ಹಾಕಿದರೆ ಪ್ರತಿ ಕವಲಿಗೂ ಶಕ್ತಿ ಅರ್ಧಕ್ಕಿಳಿಯುತ್ತೆ. ಬೇಡದ ಸ್ಪ್ಲಿಟರ್ ಮೊದಲು ಕಿತ್ತುಹಾಕಿ. ಬೂಸ್ಟರ್ ಕೊಳ್ಳೋ ಮಾತು ಆಮೇಲೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಒಂದು ವಿಚಿತ್ರ ಎದುರಾಗುತ್ತೆ. ಸಿಗ್ನಲ್ ಪಟ್ಟಿ ತುಂಬಿರುತ್ತೆ, ಪರದೆ ಮಾತ್ರ ಕಪ್ಪು. ಚುಕ್ಕಿಗಳೆಲ್ಲ ಸರಿಯಾಗಿಯೇ ಬಂದಿವೆ, ಆದರೆ ಒಳಗಿನ ಬಿಟ್‌ಗಳಿಗೆ ಬೀಗ ಬಿದ್ದಿದೆ, ಅಂದ್ರೆ ಕೀಲಿ ಇಲ್ಲದೆ ಓದಲಾಗದ ಗುಟ್ಟಿನ ಲಿಪಿಗೆ ಕಂಪನಿ ಅವನ್ನು ಬದಲಿಸಿದೆ. ಟ್ಯೂನರ್‌ಗೂ ಬೀಗಕ್ಕೂ ಸಂಬಂಧವಿಲ್ಲ. ಎಷ್ಟು ಸಲ ಸ್ಕ್ಯಾನ್ ಮಾಡಿದರೂ ಅದು ತೆರೆಯೋಲ್ಲ. ‘ಈ ಸಾಧನ ಸಿಕ್ಕಿಸಿದರೆ ಎಲ್ಲ ಚಾನೆಲ್ ಫ್ರೀ’ ಅನ್ನೋ ಜಾಹೀರಾತು ನಂಬೋದೂ ತಾಯಿತ ಕಟ್ಟಿಸಿಕೊಳ್ಳೋದೂ ಒಂದೇ.

ಮೊದಲು ಹೀಗಿರಲಿಲ್ಲ. ಸ್ಥಳೀಯ ಕೇಂದ್ರಗಳು ಸೇರಿದ ಮೂಲ ಪ್ಯಾಕೇಜಿಗೆ ಬೀಗ ಹಾಕಬಾರದು ಅಂತ ಅಮೆರಿಕದಲ್ಲಿ ನಿಯಮವಿತ್ತು. ಬೀಗ ತೆರೆಯೋ ಸೆಟ್-ಟಾಪ್ ಬಾಕ್ಸಿನ ಬಾಡಿಗೆ ಇಲ್ಲದೆ ಅಡುಗೆಮನೆಯ ಟಿವಿಯಲ್ಲೂ ಸುದ್ದಿ ನೋಡಬಹುದಿತ್ತು. ಪೂರ್ತಿ ಡಿಜಿಟಲ್ ಆದ ಕಂಪನಿಗಳು ಬೀಗ ಹಾಕಬಹುದು ಅಂತ 2012ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಒಪ್ಪಿತು. ಸಂಪರ್ಕ ಕೊಡಲು, ಕಡಿಯಲು ಮನೆಮನೆಗೆ ಆಳು ಕಳಿಸೋ ಖರ್ಚು ಉಳಿಯುತ್ತೆ ಅನ್ನೋದು ವಾದ. ಉಳಿತಾಯ ಕಂಪನಿಗೆ, ಬಾಕ್ಸಿನ ಬಾಡಿಗೆ ಗಿರಾಕಿಗೆ. ಒಳ್ಳೆ ಲೆಕ್ಕ, ಅಲ್ವಾ? ಈಗ ತೆರೆದ ಕ್ವಾಮ್ ಜಾಸ್ತಿ ಉಳಿದಿರೋದು ಹೋಟೆಲು, ಆಸ್ಪತ್ರೆಗಳ ಒಳಗಿನ ಜಾಲಗಳಲ್ಲಿ.

ಅಮೆರಿಕದಿಂದ ಊರಿಗೆ ಬರುವವರು ಈ ಟ್ಯೂನರ್ ಬೆಂಗಳೂರಿಗೆ ತರಬೇಡಿ. ಇಲ್ಲಿನ ಕೇಬಲ್ಲೂ ಕ್ವಾಮೇ, ಆದರೆ ಯುರೋಪಿನ ಡಿವಿಬಿ-ಸಿ ಬಗೆಯದು, 8 ಮೆಗಾಹರ್ಟ್ಸ್ ಅಗಲದ್ದು. ಜೊತೆಗೆ 2011ರ ಕಾನೂನು ತಿದ್ದುಪಡಿ ಇಲ್ಲಿ ಬೀಗವನ್ನೇ ಕಡ್ಡಾಯ ಮಾಡಿತು. ಬೆಂಗಳೂರು, ಮೈಸೂರುಗಳಿಗೆ ಕೊಟ್ಟಿದ್ದ ಗಡುವು 2013ರ ಮಾರ್ಚ್ 31. ಬಾಕ್ಸ್ ಇಲ್ಲದೆ ಕೇಬಲ್ ನೋಡೋ ಕಾಲ ಆಗಲೇ ಮುಗಿಯಿತು.