ಫೆಸ್ಟಿವ್ ಬೋರ್ಡ್: ಲಾಡ್ಜಿನ ಸಭೆ ಮುಗಿದ ಮೇಲಿನ ಊಟ

ಫೆಸ್ಟಿವ್ ಬೋರ್ಡ್ ಅಂದರೆ ಫ್ರೀಮೇಸನ್ನರು, ಅಂದರೆ ಹಳೆಯ ಕಲ್ಲುಕುಟಿಗರ ಗುರುತುಗಳನ್ನು ಇಟ್ಟುಕೊಂಡ ಒಂದು ಸೋದರ ಸಂಘದವರು, ತಮ್ಮ ಲಾಡ್ಜಿನ ಸಭೆ ಮುಗಿಸಿ ಒಟ್ಟಿಗೆ ಕೂತು ಮಾಡುವ ಊಟ. ಬೋರ್ಡ್ ಎಂದರೆ ಇಲ್ಲಿ ಊಟದ ಮೇಜು. ಇಂಗ್ಲೆಂಡಿನ ಲಾಡ್ಜುಗಳಲ್ಲಿ ಈ ಹೆಸರು ಜಾಸ್ತಿ ಬಳಕೆಯಲ್ಲಿದೆ. ಸ್ಕಾಟ್ಲೆಂಡಿನವರು ಇದನ್ನೇ ಹಾರ್ಮನಿ ಅನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ಸೌತ್, ಅಂದರೆ ದಕ್ಷಿಣ. ದಕ್ಷಿಣ ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೇಸನ್ನರ ಮಾತು ಬಂದರೆ ನಮ್ಮಲ್ಲಿ ಗುಟ್ಟಿನ ಕೈಕುಲುಕು, ಕಪ್ಪು ಬಿಳಿ ಚೌಕದ ನೆಲ, ಬಾಗಿಲಲ್ಲಿ ಕತ್ತಿ ಹಿಡಿದ ಕಾವಲುಗಾರ, ಇಷ್ಟಕ್ಕೇ ಮಾತು ಮುಗಿದುಹೋಗುತ್ತದೆ. ಊಟದ ಸುದ್ದಿ ಬರುವುದೇ ಇಲ್ಲ. ಆದರೆ ಒಬ್ಬ ಮನುಷ್ಯ ವರ್ಷಗಟ್ಟಲೆ ಒಂದೇ ಲಾಡ್ಜಿಗೆ ತಪ್ಪದೆ ಹೋಗುತ್ತಾನೆ ಅಂದರೆ ಅವನನ್ನು ಎಳೆದುಕೊಂಡು ಬರುವುದು ವಿಧಿಗಳಷ್ಟೇ ಅಲ್ಲ, ಈ ಮೇಜು ಕೂಡ. ನನ್ನ ಮಟ್ಟಿಗೆ ಲಾಡ್ಜ್ ಅಂದರೇನು ಅಂತ ತಿಳಿಯಬೇಕಾದರೆ ಊಟದ ಕಡೆಯಿಂದಲೇ ನೋಡಬೇಕು.

ಮೊದಲು ಲಾಡ್ಜ್ ಬಗ್ಗೆ ಎರಡು ಮಾತು. ಮೇಸನ್ನರ ಭಾಷೆಯಲ್ಲಿ ಲಾಡ್ಜ್ ಅಂದರೆ ಕಟ್ಟಡಕ್ಕಿಂತ ಹೆಚ್ಚಾಗಿ ಒಂದು ಗುಂಪು. ಒಂದೇ ಕಟ್ಟಡದಲ್ಲಿ ಬೇರೆ ಬೇರೆ ದಿನ ಬೇರೆ ಬೇರೆ ಲಾಡ್ಜುಗಳು ಸೇರುತ್ತವೆ. ಪ್ರತಿ ಲಾಡ್ಜಿಗೂ ನಿಗದಿಯಾದ ದಿನ ಇರುತ್ತದೆ, ತಿಂಗಳ ಎರಡನೇ ಮಂಗಳವಾರ ಎಂಬ ಹಾಗೆ. ಬೀದಿ ದೀಪಗಳಿಲ್ಲದ ಕಾಲದಲ್ಲಿ ಎಷ್ಟೋ ಲಾಡ್ಜುಗಳು ಹುಣ್ಣಿಮೆಯ ಆಸುಪಾಸಿನಲ್ಲಿ ಸೇರುತ್ತಿದ್ದವು. ಊಟ ಮುಗಿಸಿ ಕುದುರೆ ಏರಿ ಮನೆಗೆ ಹೋಗುವವರಿಗೆ ದಾರಿ ಕಾಣಬೇಕಲ್ವಾ? ಅಂಥವನ್ನು ಮೂನ್ ಲಾಡ್ಜ್ ಅನ್ನುತ್ತಿದ್ದರು. ಅಮೆರಿಕದ ಕೆಲವು ಲಾಡ್ಜುಗಳು ಇವತ್ತಿಗೂ ಚಂದ್ರನನ್ನು ನೋಡಿಯೇ ದಿನ ಗೊತ್ತುಮಾಡುತ್ತವೆ.

ಸಭೆಗೆ ಮುಂಚೆ ಕಾರ್ಯದರ್ಶಿ ಎಲ್ಲರಿಗೂ ಸಮನ್ಸ್ ಕಳಿಸುತ್ತಾನೆ. ಕೋರ್ಟಿನ ಸಮನ್ಸ್ ಅಲ್ಲ, ಕಾರ್ಯಕ್ರಮದ ಪಟ್ಟಿ ಇರುವ ಕರೆಯೋಲೆ. ಊಟಕ್ಕೆ ಇರುತ್ತೀರೋ ಇಲ್ಲವೋ ಅಂತ ಮೊದಲೇ ಹೇಳಬೇಕು. ಅದರ ದುಡ್ಡು ಸಾಮಾನ್ಯವಾಗಿ ಬೇರೆಯೇ. ಆ ದಿನ ಸದಸ್ಯರು ಕಪ್ಪು ಸೂಟು, ಬಿಳಿ ಕೈಗವಸು, ಸೊಂಟಕ್ಕೆ ಏಪ್ರನ್ ಕಟ್ಟಿ ಒಳಗೆ ಹೋಗುತ್ತಾರೆ. ಹೊಸಬನ ಏಪ್ರನ್ ಅಚ್ಚ ಬಿಳಿ. ದೀಕ್ಷೆಯ ಮೂರನೇ ಹಂತ ದಾಟಿದವನದಕ್ಕೆ ತಿಳಿನೀಲಿ ಅಂಚು. ಹೊರಗೆ ಕತ್ತಿ ಹಿಡಿದು ನಿಲ್ಲುವವನಿಗೆ ಟೈಲರ್ ಎಂಬ ಹೆಸರು. ಒಳಗೆ ಹಿಂದಿನ ಸಭೆಯ ನಡಾವಳಿ ಓದುತ್ತಾರೆ, ಹೊಸಬರ ಅರ್ಜಿಗೆ ಗೋಲಿ ಹಾಕಿ ಮತ ಕೊಡುತ್ತಾರೆ, ಯಾರಿಗಾದರೂ ದೀಕ್ಷೆಯ ಹಂತ ನಡೆಸಬೇಕಿದ್ದರೆ ಅದನ್ನು ನಡೆಸುತ್ತಾರೆ. ಆಮನರ್ ಎಂಬ ಹುದ್ದೆಯವನು ಯಾರಿಗೆ ಹುಷಾರಿಲ್ಲ, ತೀರಿಕೊಂಡ ಸದಸ್ಯನ ಹೆಂಡತಿ ಹೇಗಿದ್ದಾರೆ ಅಂತ ತಿಳಿಸುತ್ತಾನೆ. ನೋಡಲು ಸಣ್ಣ ವರದಿ. ಆದರೆ ಲಾಡ್ಜು ನಿಜವಾಗಿ ಏನು ಮಾಡುತ್ತದೆ ಅನ್ನುವುದು ಆ ನಾಲ್ಕು ಮಾತಿನಲ್ಲೇ ಜಾಸ್ತಿ ಗೊತ್ತಾಗುತ್ತದೆ.

ವಿಧಿಯ ಮಾತುಗಳನ್ನು ಬಾಯಿಪಾಠವಾಗಿಯೇ ಹೇಳಬೇಕು. ಪುಟಗಟ್ಟಲೆ ಹಳೆಯ ಇಂಗ್ಲಿಷು. ಇದಕ್ಕಾಗಿಯೇ ಲಾಡ್ಜ್ ಆಫ್ ಇನ್‌ಸ್ಟ್ರಕ್ಷನ್ ಅಂತ ಅಭ್ಯಾಸದ ಕೂಟಗಳು ನಡೆಯುತ್ತವೆ. ಲಂಡನ್ನಿನ ಎಮ್ಯುಲೇಶನ್ ಲಾಡ್ಜ್ ಆಫ್ ಇಂಪ್ರೂವ್‌ಮೆಂಟ್ 1823ರಿಂದ ಇದೇ ಕೆಲಸ ಮಾಡುತ್ತಿದೆ. ಅಲ್ಲಿ ಒಂದು ವಿಧಿಯನ್ನು ಒಂದಕ್ಷರ ತಪ್ಪದೆ ನಡೆಸಿದವರಿಗೆ ಬೆಳ್ಳಿಯ ಬೆಂಕಿಪೊಟ್ಟಣದ ಕವಚ ಕೊಡುವ ಪದ್ಧತಿ ಇದೆ. ಇಷ್ಟು ಬಿಗಿಯಾಗಿ ನಡೆಯುವ ಸಭೆಯಿಂದ ಎದ್ದು ಬಂದವನಿಗೆ ಊಟದ ಮೇಜು ಕಂಡರೆ ಎಷ್ಟು ಹಾಯೆನಿಸುತ್ತದೆ ಅಂತ ಊಹಿಸಬಹುದು.

ಈಗ ದಕ್ಷಿಣದ ವಿಷಯ. ಲಾಡ್ಜಿನ ಕೋಣೆಯಲ್ಲಿ ಮಾಸ್ಟರ್, ಅಂದರೆ ಲಾಡ್ಜಿನ ಮುಖ್ಯಸ್ಥ, ಪೂರ್ವಕ್ಕೆ ಕೂರುತ್ತಾನೆ. ಅವನ ಕೆಳಗಿನ ಇಬ್ಬರು ಅಧಿಕಾರಿಗಳಲ್ಲಿ ಸೀನಿಯರ್ ವಾರ್ಡನ್ ಪಶ್ಚಿಮಕ್ಕೆ, ಜೂನಿಯರ್ ವಾರ್ಡನ್ ದಕ್ಷಿಣಕ್ಕೆ. ಸೂರ್ಯ ಹುಟ್ಟುವ ಕಡೆ ಒಬ್ಬ, ಮುಳುಗುವ ಕಡೆ ಒಬ್ಬ, ನಡುಹಗಲಿಗೆ ಒಬ್ಬ. ಕಲ್ಲುಕುಟಿಗರು ನೆತ್ತಿಯ ಮೇಲೆ ಬಿಸಿಲು ಬಂದಾಗ ಕೆಲಸ ನಿಲ್ಲಿಸಿ ಊಟಕ್ಕೆ ಏಳುತ್ತಿದ್ದರಲ್ಲ, ಅದರ ನೆನಪು ಇದು. ಹಾಗಾಗಿ ಊಟ ವಿಶ್ರಾಂತಿಯ ಉಸ್ತುವಾರಿ ದಕ್ಷಿಣದಲ್ಲಿ ಕೂತವನದು. ಇಬ್ಬರು ವಾರ್ಡನ್ನರ ಪೀಠದ ಮೇಲೂ ಒಂದೊಂದು ಚಿಕ್ಕ ಕಂಬ ಇರುತ್ತದೆ. ಸಭೆ ನಡೆಯುವಾಗ ಪಶ್ಚಿಮದ ಕಂಬ ನೆಟ್ಟಗೆ ನಿಂತಿರುತ್ತದೆ, ದಕ್ಷಿಣದ್ದು ಮಲಗಿರುತ್ತದೆ. ಸಭೆ ನಿಂತ ಕೂಡಲೇ ಪಶ್ಚಿಮದವನು ತನ್ನದನ್ನು ಮಲಗಿಸುತ್ತಾನೆ, ದಕ್ಷಿಣದವನು ತನ್ನದನ್ನು ಎತ್ತಿ ನಿಲ್ಲಿಸುತ್ತಾನೆ. ಕೆಲಸದ ಹೊತ್ತು ಯಾವುದು, ಊಟದ ಹೊತ್ತು ಯಾವುದು ಅಂತ ಕೋಣೆಯಲ್ಲಿದ್ದವರಿಗೆ ಆ ಕಂಬ ನೋಡಿದರೇ ಗೊತ್ತಾಗುತ್ತದೆ. ಊಟಕ್ಕೂ ಒಬ್ಬ ಅಧಿಕಾರಿ, ಒಂದು ಕಂಬ, ಒಂದು ದಿಕ್ಕು ಕೊಟ್ಟಿದ್ದಾರೆ ಅಂದರೆ ಅದನ್ನು ಸುಮ್ನೆ ಹಿಂದಿನಿಂದ ಅಂಟಿಸಿದ್ದಲ್ಲ.

ಇತಿಹಾಸವೂ ಅದನ್ನೇ ಹೇಳುತ್ತದೆ. ಮೇಸನ್ನರು ಒಪ್ಪಿಕೊಂಡು ಬಂದಿರುವ ಲೆಕ್ಕದಲ್ಲಿ 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜುಗಳು ಸೇಂಟ್ ಪಾಲ್ಸ್ ಚರ್ಚಿನ ಪಕ್ಕದ ಗೂಸ್ ಅಂಡ್ ಗ್ರಿಡೈರನ್ ಎಂಬ ಬಿಯರ್ ಅಂಗಡಿಯಲ್ಲಿ ಸೇರಿದವು. ಆಂಥನಿ ಸೇಯರ್ ಎಂಬವರನ್ನು ಮೊದಲ ಗ್ರ್ಯಾಂಡ್ ಮಾಸ್ಟರ್, ಅಂದರೆ ಎಲ್ಲ ಲಾಡ್ಜುಗಳ ಮುಖ್ಯಸ್ಥ, ಮಾಡಿದವು. ಅವರು ಅಲ್ಲಿ ಸೇರಿದ್ದ ಒಂದು ಮುಖ್ಯ ಕಾರಣವೇ ವರ್ಷಕ್ಕೊಮ್ಮೆಯ ಒಟ್ಟು ಊಟ. ಆಗ ಲಾಡ್ಜುಗಳಿಗೆ ಸ್ವಂತ ಕಟ್ಟಡ ಇರಲಿಲ್ಲ. ಹೋಟೆಲಿನ ಮಹಡಿಯಲ್ಲೋ ಹಿಂದಿನ ಕೋಣೆಯಲ್ಲೋ ಸೇರುತ್ತಿದ್ದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ಚಿಹ್ನೆಗಳನ್ನು ಬರೆದು, ವಿಧಿ ಮುಗಿದ ಮೇಲೆ ಒರೆಸಿಬಿಡುತ್ತಿದ್ದರು. ಊಟ, ಪಾನ, ಪಾಠ ಎಲ್ಲ ಒಂದೇ ಕೋಣೆಯಲ್ಲಿ.

1723ರಲ್ಲಿ ಜೇಮ್ಸ್ ಆಂಡರ್ಸನ್ ಬರೆದ ನಿಯಮಗಳ ಪುಸ್ತಕ ಅಚ್ಚಾಯಿತು. ಅದರಲ್ಲಿ ಸಭೆ ಮುಗಿದ ಮೇಲೆ ಹೇಗೆ ನಡೆದುಕೊಳ್ಳಬೇಕು ಅಂತಲೇ ಒಂದು ಭಾಗ ಇದೆ. ನಗುತ್ತಾ ಖುಷಿಯಾಗಿರಿ, ಅತಿ ಮಾಡಬೇಡಿ. ಯಾರಿಗೂ ಅವರ ಇಷ್ಟಕ್ಕೆ ಮೀರಿ ತಿನ್ನು ಕುಡಿ ಅಂತ ಬಲವಂತ ಮಾಡಬೇಡಿ. ಕೆಲಸವಿದೆ ಅಂತ ಹೊರಟವನನ್ನು ತಡೆಯಬೇಡಿ. ಧರ್ಮ, ದೇಶ, ರಾಜಕೀಯದ ಜಗಳವನ್ನು ಬಾಗಿಲೊಳಗೆ ತರಬೇಡಿ. ನನಗೆ ಇದರಲ್ಲಿ ತುಂಬ ಹಿಡಿಸುವುದು ಬಲವಂತದ ಮಾತು. ಪ್ರೀತಿಯ ಹೆಸರಲ್ಲಿ ಎಲೆಗೆ ಸುರಿಯುವ ಜನ ನಾವು. ಮುನ್ನೂರು ವರ್ಷದ ಹಿಂದೆ, ಕುಡಿತವೇ ದೊಡ್ಡಸ್ತಿಕೆಯಾಗಿದ್ದ ಊರಲ್ಲಿ, ಬೇಡ ಅಂದವನನ್ನು ಬಿಟ್ಟುಬಿಡಿ ಅಂತ ಅಚ್ಚು ಹಾಕಿಸಿದ್ದು ಸಣ್ಣ ವಿಷಯವಲ್ಲ.

ಇವತ್ತಿನ ಇಂಗ್ಲಿಷ್ ಲಾಡ್ಜಿನ ಊಟ ಹೇಗಿರುತ್ತದೆ? ಎಲ್ಲರೂ ಮೇಜಿನ ಹತ್ತಿರ ನಿಂತ ಮೇಲೆ ಮಾಸ್ಟರ್ ಒಳಗೆ ಬರುತ್ತಾನೆ, ಚಪ್ಪಾಳೆ ತಟ್ಟುತ್ತಾರೆ. ಒಂದು ಸಣ್ಣ ಪ್ರಾರ್ಥನೆ. ಬಡಿಸುವ ನಡುನಡುವೆ ಟೇಕಿಂಗ್ ವೈನ್ ಅಂತ ನಡೆಯುತ್ತದೆ. ಮಾಸ್ಟರ್ ಒಬ್ಬೊಬ್ಬರ ಹೆಸರೋ ಗುಂಪಿನ ಹೆಸರೋ ಕರೆಸುತ್ತಾನೆ. ಅವರು ಎದ್ದು ನಿಂತು ಲೋಟ ಎತ್ತಿ ಅವನ ಕಡೆ ನೋಡಿ ಒಂದು ಗುಟುಕು ಕುಡಿಯುತ್ತಾರೆ. ಲೋಟದಲ್ಲಿ ವೈನೇ ಇರಬೇಕಿಲ್ಲ, ನೀರೂ ನಡೆಯುತ್ತದೆ. ಊಟದ ಕೊನೆಗೆ ಟೋಸ್ಟುಗಳು, ಅಂದರೆ ಒಬ್ಬರ ಹೆಸರು ಹೇಳಿ ಶುಭ ಕೋರಿ ಕುಡಿಯುವುದು. ಮೊದಲು ದೊರೆಗೆ, ಆಮೇಲೆ ಗ್ರ್ಯಾಂಡ್ ಮಾಸ್ಟರ್‌ಗೆ, ಮಾಸ್ಟರ್‌ಗೆ, ಅತಿಥಿಗಳಿಗೆ. ಟೋಸ್ಟಿಗೆಂದೇ ಗಿಡ್ಡನೆಯ, ತಳ ತುಂಬ ದಪ್ಪವಿರುವ ಲೋಟ ಇರುತ್ತದೆ. ಕುಡಿದಾದ ಮೇಲೆ ಎಲ್ಲರೂ ಒಟ್ಟಿಗೆ ಲೋಟವನ್ನು ಮೇಜಿಗೆ ಕುಟ್ಟುತ್ತಾರೆ. ಆ ಸದ್ದು ಬಂದೂಕು ಹಾರಿಸಿದ ಹಾಗೆ ಕೇಳುತ್ತದೆ, ಅದಕ್ಕೇ ಅದನ್ನು ಫೈರಿಂಗ್ ಗ್ಲಾಸ್ ಅನ್ನುತ್ತಾರೆ.

ಅನೇಕ ಲಾಡ್ಜುಗಳಲ್ಲಿ ರಾತ್ರಿ 9 ಗಂಟೆಗೆ ಸರಿಯಾಗಿ ಇನ್ನೊಂದು ಟೋಸ್ಟ್ ಇದೆ. ಅದು ಬಾರದೇ ಉಳಿದ ಸದಸ್ಯರಿಗೆ. ಒಂಬತ್ತೇ ಯಾಕೆ? ಆ ಹೊತ್ತಿಗೆ ಗಡಿಯಾರದ ಎರಡು ಮುಳ್ಳುಗಳು ಸರಿಯಾಗಿ ಮೂಲೆಮಟ್ಟದ ಆಕಾರಕ್ಕೆ ಬರುತ್ತವೆ. ಗಾರೆ ಕೆಲಸದವರ ಮೂಲೆಮಟ್ಟ ಮೇಸನ್ನರ ಮುಖ್ಯ ಗುರುತು. ಆಸ್ಪತ್ರೆಯಲ್ಲಿರುವವನು, ಪರದೇಶಕ್ಕೆ ಕೆಲಸಕ್ಕೆ ಹೋದವನು, ಎಲ್ಲರಿಗೂ ಈ ಹೊತ್ತಿಗೆ ತನ್ನನ್ನು ನೆನೆಯುತ್ತಿದ್ದಾರೆ ಅಂತ ಗೊತ್ತಿರುತ್ತದೆ. ಇಡೀ ಊಟದಲ್ಲಿ ನನ್ನನ್ನು ಜಾಸ್ತಿ ತಟ್ಟುವ ಭಾಗ ಇದೇ.

ಆ ದಿನ ಯಾರಾದರೂ ಹೊಸಬ ಸೇರಿದ್ದರೆ ಅವನ ಹೆಸರಿನಲ್ಲೂ ಟೋಸ್ಟ್ ಇರುತ್ತದೆ. ಅವನು ಎದ್ದು ನಾಲ್ಕು ಮಾತು ಉತ್ತರ ಕೊಡಬೇಕು. ಕೆಲವು ಕಡೆ 1723ರ ಪುಸ್ತಕದಲ್ಲೇ ಅಚ್ಚಾಗಿದ್ದ ಹಾಡೊಂದನ್ನು ಹಾಡಿ, ಕೊನೆಯ ನುಡಿಗೆ ಎಲ್ಲರೂ ಕೈ ಕೈ ಹಿಡಿದು ನಿಲ್ಲುತ್ತಾರೆ. ಎಲ್ಲಕ್ಕಿಂತ ಕೊನೆಯದು ಟೈಲರನ ಟೋಸ್ಟ್. ಜಗತ್ತಿನ ನೆಲ ಜಲದಲ್ಲಿ ಎಲ್ಲೇ ಇರಲಿ, ಬಡತನದಲ್ಲಿ, ಕಷ್ಟದಲ್ಲಿ ಸಿಕ್ಕಿಕೊಂಡಿರುವ ಎಲ್ಲ ಮೇಸನ್ನರ ಸಂಕಟ ಬೇಗ ಕಳೆಯಲಿ, ಬಯಸಿದವರು ಕ್ಷೇಮವಾಗಿ ತಾಯ್ನಾಡು ಸೇರಲಿ ಅಂತ. ಅದು ಆದರೆ ಊಟ ಮುಗಿದ ಹಾಗೆ. ದಾನದ ದುಡ್ಡೂ ಒಟ್ಟಾಗುವುದು ಇಂಥ ಸಂಜೆಗಳಲ್ಲೇ, ಎಷ್ಟೋ ಸಲ ಒಂದು ಸಣ್ಣ ಲಾಟರಿ ಚೀಟಿಯ ಆಟದಿಂದ.

ಭಾರತಕ್ಕೆ ಬಂದರೆ ಇದೇ ಊಟ ಬೇರೆಯೇ ಪ್ರಶ್ನೆಯಾಯಿತು. 1730ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿ ಇಲ್ಲಿಯ ಮೊದಲ ಲಾಡ್ಜ್ ಶುರುವಾಯಿತು. ಬಹುಕಾಲ ಅದು ಬಿಳಿಯರ ಕೂಟವಾಗಿಯೇ ಇತ್ತು. 1863ರಲ್ಲಿ ಪ್ರಸನ್ನ ಕುಮಾರ್ ದತ್ತ ಎಂಬ ಬಂಗಾಳಿ ಹಿಂದೂ ಸದಸ್ಯತ್ವ ಕೇಳಿದರು. ಹಲವು ದೇವರನ್ನು ಪೂಜಿಸುವವರು, ಜಾತಿ ಪಾಲಿಸುವವರು ಎಲ್ಲರನ್ನೂ ಅಣ್ಣತಮ್ಮ ಅಂತ ಹೇಗೆ ಒಪ್ಪುತ್ತಾರೆ ಎಂಬುದು ವಿರೋಧಿಸಿದವರ ಮಾತು. ದತ್ತರು ಬಿಡಲಿಲ್ಲ. 1872ರಲ್ಲಿ ಒಳಗೆ ಬಂದರು. ರಡ್ಯಾರ್ಡ್ ಕಿಪ್ಲಿಂಗ್ 1886ರಲ್ಲಿ ಲಾಹೋರಿನ ಲಾಡ್ಜ್ ಸೇರಿದ. ಅಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಯಹೂದಿ ಎಲ್ಲ ಇದ್ದರು. ಆದರೆ ಯಾರದಾದರೂ ಜಾತಿ ಕೆಟ್ಟೀತು ಎಂಬ ಅಂಜಿಕೆಯಿಂದ ಔತಣ ಇಟ್ಟುಕೊಳ್ಳುತ್ತಿರಲಿಲ್ಲ ಅಂತ ಅವನ ಒಂದು ಪದ್ಯದಲ್ಲಿ ಬರುತ್ತದೆ. ಪಂಕ್ತಿಭೇದ ಕಂಡ ನಮಗೆ ಇದರ ತೂಕ ಬಿಡಿಸಿ ಹೇಳಬೇಕಿಲ್ಲ. ಒಂದೇ ಕೋಣೆಯಲ್ಲಿ ನಿಂತು ಸೋದರ ಅನ್ನಬಹುದು, ಒಂದೇ ಮೇಜಿಗೆ ಕೂರಲು ಆಗುತ್ತಿರಲಿಲ್ಲ.

1961ರ ನವೆಂಬರ್ 24ರಂದು ಇಲ್ಲಿಯ ಲಾಡ್ಜುಗಳ ಮೇಲಿನ ಸಂಸ್ಥೆಯಾಗಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಆಯಿತು. ರಾಂಪುರದ ನವಾಬ ರಜಾ ಅಲಿ ಖಾನ್ ಅದರ ಮೊದಲ ಗ್ರ್ಯಾಂಡ್ ಮಾಸ್ಟರ್. ಇಲ್ಲಿಯ ಲಾಡ್ಜುಗಳಲ್ಲಿ ಭಗವದ್ಗೀತೆ, ಕುರಾನ್, ಬೈಬಲ್ ಮುಂತಾದ ಹಲವು ಗ್ರಂಥಗಳನ್ನು ಒಟ್ಟಿಗೆ ತೆರೆದಿಡುತ್ತಾರೆ. ಸಭೆಯ ನಂತರ ಒಟ್ಟಿಗೆ ಊಟ ಮಾಡುವುದು ಈಗ ಸಾಮಾನ್ಯ. ಬೆಂಗಳೂರು, ಮೈಸೂರುಗಳಲ್ಲೂ ಲಾಡ್ಜುಗಳಿವೆ. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜಿಗೂ ನಮ್ಮದಕ್ಕೂ ಪರಸ್ಪರ ಮನ್ನಣೆ ಇರುವುದರಿಂದ ಬೆಂಗಳೂರಿನ ಸದಸ್ಯ ಲಂಡನ್ನಿಗೆ ಹೋದರೆ ಅಲ್ಲಿಯ ಲಾಡ್ಜಿಗೆ ಅತಿಥಿಯಾಗಿ ಹೋಗಬಹುದು. ತಾನು ಮೇಸನ್ ಅಂತ ತೋರಿಸಿಕೊಟ್ಟರೆ ಆಯಿತು. ಅತಿಥಿಗಳ ಟೋಸ್ಟಿನಲ್ಲಿ ಅವನೂ ಸೇರುತ್ತಾನೆ.

ಇದನ್ನು ಟೇಬಲ್ ಲಾಡ್ಜ್ ಜೊತೆ ಗೊಂದಲ ಮಾಡಿಕೊಳ್ಳಬಾರದು. ಫೆಸ್ಟಿವ್ ಬೋರ್ಡ್ ನಡೆಯುವುದು ಲಾಡ್ಜನ್ನು ಮುಚ್ಚಿದ ಮೇಲೆ. ಟೇಬಲ್ ಲಾಡ್ಜಿನಲ್ಲಿ ಊಟದ ಮೇಜಿನ ಸುತ್ತಲೇ ಲಾಡ್ಜನ್ನು ತೆರೆಯುತ್ತಾರೆ, ಊಟವೇ ವಿಧಿಯಾಗುತ್ತದೆ. ಅಲ್ಲಿ ಲೋಟಕ್ಕೆ ಫಿರಂಗಿ ಅಂತಲೂ ಪಾನೀಯಕ್ಕೆ ಸಿಡಿಮದ್ದು ಅಂತಲೂ ಹೆಸರು. ಅಮೆರಿಕದ ರೂಢಿ ಇನ್ನೊಂದು ತರಹ. ಅಲ್ಲಿ ತಿಂಗಳ ಸಭೆಗೆ ಸ್ಟೇಟೆಡ್ ಮೀಟಿಂಗ್ ಅನ್ನುತ್ತಾರೆ, ಎಷ್ಟೋ ಕಡೆ ಊಟ ಮೊದಲು, ಸಭೆ ಆಮೇಲೆ. ಲಾಡ್ಜಿನ ಕಟ್ಟಡದೊಳಗೆ ಮದ್ಯ ಬೇಡ ಎಂಬ ನಿಯಮವೂ ಹಲವು ರಾಜ್ಯಗಳಲ್ಲಿದೆ.

ಹೆಂಗಸರಿಗೆ ಈ ಮುಖ್ಯ ಶಾಖೆಯಲ್ಲಿ ಸದಸ್ಯತ್ವ ಇಲ್ಲ. ಇಂಗ್ಲೆಂಡಿನಲ್ಲಿ 1908ರಿಂದ ಅವರದೇ ಸಂಸ್ಥೆ ಇದೆ, ಅಲ್ಲೂ ಇದೇ ರೀತಿಯ ಲಾಡ್ಜುಗಳು. ಸದಸ್ಯರಲ್ಲದವರು ಊಟಕ್ಕೆ ಹೋಗಬಹುದಾದ ಸಂಜೆಗಳೂ ಇವೆ. ವರ್ಷಕ್ಕೊಮ್ಮೆ ಮನೆಯವರನ್ನು ಕರೆತರುವ ಲೇಡೀಸ್ ನೈಟ್ ಒಂದು. ಹೊರಗಿನ ಗೆಳೆಯರನ್ನು ಕೂರಿಸಿಕೊಂಡು ಉಣ್ಣುವ ವೈಟ್ ಟೇಬಲ್ ಇನ್ನೊಂದು. ಮೇಸನ್ ಗೆಳೆಯರೊಬ್ಬರು ನಿಮ್ಮನ್ನು ವೈಟ್ ಟೇಬಲ್‌ಗೆ ಕರೆದರೆ ಏಪ್ರನ್ನೂ ಬೇಕಿಲ್ಲ, ಪ್ರಮಾಣವೂ ಬೇಕಿಲ್ಲ. ಒಪ್ಪವಾಗಿ ಬಟ್ಟೆ ಹಾಕಿಕೊಂಡು ಹೋದರಾಯಿತು.